ಶಾವಿಗೆ ಹೂ ಬಿಟ್ಟ ಚಳಿಗಾಲ

2007ರ ಜುಲೈ ತಿಂಗಳ ಕೊನೆಯ ಶನಿವಾರ, ಬೆಳಿಗ್ಗೆ ಏಳೂವರೆಯ ಸುಮಾರಿಗೆ, ನಾನು ಮೆಲ್ಬರ್ನಿನ ಒಂದು ಬಾಡಿಗೆ ಮನೆಯ ಅಡುಗೆಮನೆಯಲ್ಲಿ ಸಿಂಕಿನ ಮುಂದೆ ನಿಂತಿದ್ದೆ. ಎಡಗೈಯಲ್ಲಿ ಸ್ಟೀಲಿನ ತಟ್ಟೆ ಇತ್ತು, ಬಲಗೈಯಲ್ಲಿ ಚಿಕ್ಕ ಕತ್ತರಿ. ಆಸ್ಟ್ರೇಲಿಯಾದಲ್ಲಿ ಜುಲೈ ಎಂದರೆ ನಡುಚಳಿಗಾಲ, ಸಿಂಕಿನ ಮೇಲಿನ ಕಿಟಕಿಯ ಗಾಜಿಗೆ ಹಬೆ ಹಿಡಿದಿತ್ತು. ಅದನ್ನು ಮೊಣಕೈಯಿಂದ ಒರೆಸಿ ಹಿತ್ತಲ ಕಡೆ ನೋಡಿದೆ. ಅಲ್ಲಿ ನನ್ನ ಮಗಳು ಸಿಂಧು ಇದ್ದಳು. ಆಗ ಅವಳಿಗೆ ಹದಿನಾಲ್ಕು. ಅವಳು ಏನು ಮಾಡುತ್ತಿದ್ದಳು ಎಂಬುದನ್ನು ಕಂಡಷ್ಟೇ, ಕಂಡ ಹಾಗೆಯೇ ಬರೆದಿಡಬೇಕೆಂದು ಬಹಳ ಕಾಲದಿಂದ ಅಂದುಕೊಂಡಿದ್ದೇನೆ. ಆದರೆ ಹಿತ್ತಲಿನಲ್ಲಿದ್ದ ಗಿಡದ ವಿಷಯವನ್ನು ಮೊದಲು ಹೇಳದಿದ್ದರೆ ಉಳಿದದ್ದು ಅರ್ಥವಾಗುವುದಿಲ್ಲ.

ಈಗ ಇದನ್ನು ಬರೆಯಲು ಕಾರಣ ಒಂದು ವಾಸನೆ. ಈ ಸಲದ ಚಳಿಗಾಲದಲ್ಲಿ ಡ್ಯಾಂಡಿನಾಂಗ್ ಗುಡ್ಡಗಳ ಮೇಲಿನ ಒಂದು ತೋಟಕ್ಕೆ ಒಬ್ಬನೇ ಹೋಗಿದ್ದೆ. ಮಂಜು ಇತ್ತು, ಜನ ಇರಲಿಲ್ಲ. ತಿರುವಿನಲ್ಲಿ ಗಿಡ ಕಾಣುವ ಮೊದಲೇ ವಾಸನೆ ಬಂತು. ನಿಂಬೆಯ ಸಿಪ್ಪೆಯನ್ನು ಜೇನಿನಲ್ಲಿ ಅದ್ದಿ, ಅದರ ಪಕ್ಕ ಒಂದು ಲವಂಗ ಇಟ್ಟ ಹಾಗೆ. ಇದಕ್ಕಿಂತ ಹತ್ತಿರವಾಗಿ ಹೇಳಲು ನನಗೆ ಬರುವುದಿಲ್ಲ. ನಾನು ಅಲ್ಲೇ ಒಂದು ಬೆಂಚು ನೋಡಿಕೊಂಡು ಕುಳಿತೆ.

ಆ ಗಿಡದ ಹೆಸರು ವಿಚ್ ಹೇಜಲ್. ನಮ್ಮಲ್ಲಿ ಬೆಳೆಯುವುದಲ್ಲ, ಆದ್ದರಿಂದ ನಮ್ಮಲ್ಲಿ ಅದಕ್ಕೆ ಹೆಸರಿಲ್ಲ. ಎಲೆಯೆಲ್ಲ ಉದುರಿ, ಗಿಡ ಬರೀ ಕಡ್ಡಿಯಾಗಿ ನಿಂತ ಮೇಲೆ, ನಡುಚಳಿಗಾಲದಲ್ಲಿ ಅದು ಹೂ ಬಿಡುತ್ತದೆ. ಎಸಳುಗಳು ಎಸಳಿನ ಹಾಗಿರುವುದಿಲ್ಲ. ಹಳದಿ ದಾರದ ಚೂರುಗಳನ್ನು ಕಡ್ಡಿಗೆ ಅಂಟಿಸಿದ ಹಾಗಿರುತ್ತವೆ. ರಾತ್ರಿ ಹಿಮ ಬಿದ್ದರೆ ಸುರುಳಿ ಸುತ್ತಿಕೊಳ್ಳುತ್ತವೆ, ಬಿಸಿಲು ಬಂದರೆ ಬಿಚ್ಚಿಕೊಳ್ಳುತ್ತವೆ. ನನ್ನ ಹೆಂಡತಿ ಶೈಲಾ ಅದನ್ನು ಮೊದಲ ಸಲ ನೋಡಿದ್ದು ಸಿಡ್ನಿಯ ಹತ್ತಿರದ ಬ್ಲೂ ಮೌಂಟನ್ಸ್‌ನ ಒಂದು ನರ್ಸರಿಯಲ್ಲಿ. ಕೈಗವಸು ತೆಗೆದು ಒಂದು ಎಸಳನ್ನು ಬೆರಳ ತುದಿಯಿಂದ ಮುಟ್ಟಿ, “ಇದು ಹೂವಲ್ಲ ಕಣ್ರೀ, ಶಾವಿಗೆ” ಎಂದಳು. ಅಂದಿನಿಂದ ನಮ್ಮ ಮನೆಯಲ್ಲಿ ಅದು ಶಾವಿಗೆ ಗಿಡ. ನೆಲಕ್ಕೆ ನೆಡುವ ಗಿಡ ಅದು ಎಂದು ನರ್ಸರಿಯವರು ಹೇಳಿದರು. ನಮಗೆ ನೆಲವಿರಲಿಲ್ಲ. ಸಿಡ್ನಿಯ ವೆಸ್ಟ್‌ಮೀಡ್ ಸ್ಟೇಷನ್ನಿನ ಹತ್ತಿರ ಎರಡನೆಯ ಮಹಡಿಯ ಬಾಡಿಗೆ ಫ್ಲ್ಯಾಟು ನಮ್ಮದು. ಆದರೂ ಶೈಲಾ ಅದನ್ನು ತೊಡೆಯ ಮೇಲಿಟ್ಟುಕೊಂಡೇ ಕಾರಿನಲ್ಲಿ ಮನೆಗೆ ತಂದಳು, ದೊಡ್ಡ ಕುಂಡಕ್ಕೆ ಹಾಕಿದಳು.

ಮರುವರ್ಷ ಅದು ಹೂ ಬಿಡಲಿಲ್ಲ. ಎಲೆ ಉದುರುವ ಹೊತ್ತಿಗೆ ಕಡ್ಡಿಯ ಮೇಲೆ ಸಣ್ಣ ಕಂದು ಮೊಗ್ಗುಗಳು ಮೂಡಿದವು, ಸಾಸಿವೆಗಿಂತ ಸ್ವಲ್ಪ ದೊಡ್ಡವು. ಚಳಿ ಶುರುವಾಗುತ್ತಲೇ ಶೈಲಾ ಸಂಜೆಗೊಮ್ಮೆ ಕುಂಡವನ್ನು ಬಾಲ್ಕನಿಯಿಂದ ಒಳಗೆ ತಂದು ಹೀಟರಿನ ಪಕ್ಕ ಇಡತೊಡಗಿದಳು. “ನಮ್ಮ ಮೈಸೂರಲ್ಲಿ ಡಿಸೆಂಬರ್ ಬಂದ್ರೆ ಸ್ವೆಟರ್ ಹಾಕ್ಕೊಂಡು ಓಡಾಡ್ತೀವಿ. ಈ ಪಾಪದ್ದು ನೋಡಿ, ಮೈಮೇಲೆ ಒಂದು ಎಲೆ ಕೂಡ ಇಲ್ಲ. ಇದನ್ನ ಆಚೆ ಬಿಡೋದಾ?” ಎಂದಳು. ನಾನು ಶಿರಾ ಕಡೆಯ ಬಿಸಿಲಿನಲ್ಲಿ ಬೆಳೆದವನು, ನನಗೂ ಅದು ಸರಿ ಎನಿಸಿತು. ಅವಳ ಕೈ ಬಿಡುವಿಲ್ಲದ ದಿನ ನಾನೇ ಎತ್ತಿ ಒಳಗಿಡುತ್ತಿದ್ದೆ. ಅಕ್ಕಿ ತೊಳೆದ ನೀರನ್ನು ಹಾಕುತ್ತಿದ್ದೆವು. ಮೊಗ್ಗು ಒಣಗಿ ಕಾರ್ಪೆಟ್ಟಿನ ಮೇಲೆ ಉದುರಿದವು. ಅದರ ಮುಂದಿನ ವರ್ಷ ಬೆಚ್ಚಗಿರಲಿ ಎಂದು ಕುಂಡದ ಸುತ್ತ ನನ್ನ ಹಳೆಯ ಮಫ್ಲರ್ ಸುತ್ತಿದಳು. ಆಗಲೂ ಉದುರಿದವು. ಚಳಿ ಸಾಲದೆ ಹೀಗಾಗುತ್ತಿರಬಹುದು ಎಂದು ನಮ್ಮಿಬ್ಬರಲ್ಲಿ ಯಾರಿಗೂ ತೋಚಲಿಲ್ಲ. ಚಳಿಯಲ್ಲಿ ನಡುಗುವುದಕ್ಕೆ ಬಿಸಿ ಕೊಡಬೇಕು ಎಂಬುದನ್ನು ಬಿಟ್ಟು ಬೇರೆ ಏನನ್ನೂ ನಮಗೆ ಯಾರೂ ಕಲಿಸಿರಲಿಲ್ಲ.

2006ರ ಫೆಬ್ರವರಿಯಲ್ಲಿ, ಅಲ್ಲಿನ ಬೇಸಿಗೆಯ ಕೊನೆಯಲ್ಲಿ, ಶೈಲಾ ತೀರಿಕೊಂಡಳು. ಕಾಯಿಲೆ ಬಹಳ ದಿನ ತೆಗೆದುಕೊಳ್ಳಲಿಲ್ಲ. ಅದರ ಬಗ್ಗೆ ಇಲ್ಲಿ ಬರೆಯುವುದಿಲ್ಲ.

ಮರುವರ್ಷ ಜನವರಿಯಲ್ಲಿ ನನ್ನ ಕಂಪನಿ ಮೆಲ್ಬರ್ನಿನ ಫ್ಯಾಕ್ಟರಿಗೆ ಹೋಗುತ್ತೀರಾ ಎಂದು ಕೇಳಿತು. ಬಿಸ್ಕತ್ತಿನ ಫ್ಯಾಕ್ಟರಿ, ಡ್ಯಾಂಡಿನಾಂಗ್‌ನಲ್ಲಿ. ಅಲ್ಲಿನ ಲ್ಯಾಬಿನಲ್ಲಿ ನನಗೆ ಕೆಲಸ. ನಾನು ಒಪ್ಪಿಕೊಂಡೆ. ಫ್ಯಾಕ್ಟರಿಯಿಂದ ಅರ್ಧ ಗಂಟೆ ದೂರದಲ್ಲಿ, ಗುಡ್ಡದ ಬುಡದ ಸಬರ್ಬಿನಲ್ಲಿ, ಹಿತ್ತಲಿರುವ ಒಂದು ಹಳೆಯ ಮನೆ ಸಿಕ್ಕಿತು. ಸಿಂಧು, ನಾನು, ಹಿಂದಿನ ಸೀಟಿನಲ್ಲಿ ಬೆಲ್ಟ್ ಹಾಕಿಸಿಕೊಂಡ ಶಾವಿಗೆ ಗಿಡ, ಮೂವರೂ ಸಿಡ್ನಿಯಿಂದ ಕಾರಿನಲ್ಲೇ ಬಂದೆವು. ದಾರಿಯುದ್ದಕ್ಕೂ ಹುಲ್ಲು ಒಣಗಿತ್ತು. ಬರಗಾಲದ ವರ್ಷಗಳು ಅವು. ಮೆಲ್ಬರ್ನಿನಲ್ಲಿ ಗಿಡಗಳಿಗೆ ಪೈಪಿನಲ್ಲಿ ನೀರು ಬಿಡುವುದಕ್ಕೆ ದಿನ, ಹೊತ್ತು ಎಲ್ಲ ನಿಗದಿಯಾಗಿತ್ತು. ಎಲ್ಲರ ಮನೆಯ ಬಾತ್‌ರೂಮಿನಲ್ಲೂ ಶವರ್ ಕೆಳಗೆ ಒಂದು ಬಕೆಟ್ ಇರುತ್ತಿತ್ತು. ನಾವೂ ಇಟ್ಟೆವು. ಸ್ನಾನದ ನೀರು ಕುಡಿದು ಶಾವಿಗೆ ಗಿಡ ಆ ಬೇಸಿಗೆಯನ್ನು ಕಳೆಯಿತು.

ಆ ಮನೆಯಲ್ಲಿ ಮಾತು ಬಹಳ ಕಡಿಮೆಯಿತ್ತು. ಅಮ್ಮ ಹೋದ ಮೇಲೆ ಸಿಂಧು ಕನ್ನಡ ಆಡುವುದನ್ನು ನಿಲ್ಲಿಸಿದ್ದಳು. ಸಿಟ್ಟಿನಿಂದಲ್ಲ. ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಿದ್ದಳು, ಅಷ್ಟೆ. ಊಟ ಆಯ್ತಾ ಎಂದರೆ ‘ಯಾ’. ಸ್ಕೂಲು ಹೇಗಿತ್ತು ಎಂದರೆ ‘ಫೈನ್’. ಒಂದು ವಾರ ನನಗೆ ಬೆಳಗಿನ ಪಾಳಿ, ಒಂದು ವಾರ ಮಧ್ಯಾಹ್ನದ ಪಾಳಿ. ಮಧ್ಯಾಹ್ನದ ಪಾಳಿಯ ವಾರ ಅವಳು ಸ್ಕೂಲಿನಿಂದ ಖಾಲಿ ಮನೆಗೆ ಬರುತ್ತಿದ್ದಳು, ನಾನು ಬರುವ ಹೊತ್ತಿಗೆ ಮಲಗಿರುತ್ತಿದ್ದಳು.

ಪಕ್ಕದ ಮನೆಯಲ್ಲಿ ಐರಿನ್ ಮತ್ತು ವಾಲ್ಟರ್ ಇಲ್ಲದಿದ್ದರೆ ಆ ವರ್ಷ ಹೇಗೆ ಕಳೆಯುತ್ತಿತ್ತೋ ತಿಳಿಯದು. ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್ನರು, ಬಂದು ಇಪ್ಪತ್ತು ವರ್ಷದ ಮೇಲಾಗಿತ್ತು. ಐರಿನ್ ವೃದ್ಧರ ನರ್ಸಿಂಗ್ ಹೋಮಿನಲ್ಲಿ ನರ್ಸು. ವಾಲ್ಟರ್ ಬಸ್ ಓಡಿಸಿ ನಿವೃತ್ತರಾದವರು. ನನ್ನ ಮಧ್ಯಾಹ್ನದ ಪಾಳಿಯ ವಾರಗಳಲ್ಲಿ ಸಿಂಧುವಿನ ಊಟ ಅವರ ಮನೆಯಲ್ಲೇ. ನಮ್ಮೆರಡು ಹಿತ್ತಲಿನ ನಡುವೆ ಎದೆಮಟ್ಟದ ಹಲಗೆ ಬೇಲಿ. ಮೇ ತಿಂಗಳಲ್ಲಿ ನಾನು ಕುಂಡವನ್ನು ಒಳಗೆ ಹೊರಗೆ ಮಾಡಲು ಶುರುಮಾಡಿದ್ದನ್ನು ಐರಿನ್ ಆ ಬೇಲಿಯ ಮೇಲಿಂದ ನೋಡಿದರು.

“ಅದನ್ನು ಎಂತಕ್ಕೆ ದಿನಾ ಹೊರುದು ಮಾರಾಯ್ರೆ? ತೊಟ್ಟಿಲ ಮಗುವಾ ಅದು?”

“ಚಳಿ ಅಲ್ವಾ” ಎಂದೆ.

“ನಿಮ್ಮ ಸೊಂಟ ಹೋಗ್ತದೆ. ಆಮೇಲೆ ನಮ್ಮ ನರ್ಸಿಂಗ್ ಹೋಮಿಗೇ ಬರ್ತೀರಿ, ನಾನೇ ನೋಡ್ಬೇಕು.”

ಹಿಂದಿನಿಂದ ವಾಲ್ಟರ್ ಹೇಳಿದರು, “ಅವಳ ಮಾತು ಕೇಳ್ಬೇಡಿ ನೀವು. ಗಿಡವನ್ನು ಒಳಗಿಡುವವರು ನಿಮ್ಮಲ್ಲಿ ಇದ್ದಾರೆ. ನಮ್ಮಲ್ಲಿ ಗಂಡನನ್ನೇ ಹೊರಗೆ ನಿಲ್ಲಿಸ್ತಾರೆ.”

“ಸಿಗರೇಟು ಸೇದುವ ಗಂಡನನ್ನು ಮತ್ತೆ ಎಲ್ಲಿ ನಿಲ್ಲಿಸುದು? ಚರ್ಚಿನ ಅಲ್ಟಾರಿನಲ್ಲಾ?” ಎಂದರು ಐರಿನ್.

ಪ್ರತಿ ಭಾನುವಾರ ವೆಸ್ಟ್‌ಮೀಡ್‌ನಿಂದ ಫೋನು ಬರುತ್ತಿತ್ತು. ಶೈಲಾಳ ತಂಗಿ ಪೂರ್ಣಿಮಾ ಅಲ್ಲೇ, ನಮ್ಮ ಹಳೆಯ ಫ್ಲ್ಯಾಟಿನಿಂದ ಎರಡು ಬೀದಿ ಆಚೆ ಇದ್ದಳು. ಅವಳಿಗೂ ಸಿಂಧುವಿನ ಓರಗೆಯ ಮಗಳಿದ್ದಳು. “ಭಾವಾ, ಸಿಂಧೂನ ಇಲ್ಲಿಗೆ ಕಳಿಸಿ. ಅವಳ ಸ್ಕೂಲು, ಫ್ರೆಂಡ್ಸ್ ಎಲ್ಲಾ ಇಲ್ಲೇ ಇದಾರೆ. ನೀವು ಶಿಫ್ಟ್ ಮುಗಿಸಿ ಬರೋವರ್ಗೂ ಆ ಮಗು ಗೋಡೆ ನೋಡ್ಕೊಂಡು ಕೂತಿರತ್ತೆ” ಎನ್ನುತ್ತಿದ್ದಳು. ನೋಡೋಣ ಎನ್ನುತ್ತಿದ್ದೆ. ಸಿಂಧುವಿಗೂ ಹೋಗುವ ಮನಸ್ಸಿತ್ತು. ಒಮ್ಮೆ ಕೇಳಿದ್ದಳು. ಚಳಿಗಾಲ ಕಳೆಯಲಿ ಎಂದಿದ್ದೆ. ಮತ್ತೆ ಕೇಳಲಿಲ್ಲ. ಆದರೆ ಚಳಿಗಾಲ ಕಳೆದ ಮೇಲೆ ನಾನು ಒಂದು ಉತ್ತರ ಕೊಡಬೇಕಿತ್ತು. ಅದು ಇಬ್ಬರಿಗೂ ಗೊತ್ತಿತ್ತು.

ನನ್ನ ಭಯ ಬೇರೆಯದೇ ಇತ್ತು. ಕನ್ನಡವನ್ನು ಬಿಟ್ಟ ಹಾಗೆ ಅವಳು ಅಮ್ಮನನ್ನೂ ಎಲ್ಲೋ ಬಿಟ್ಟುಬಿಟ್ಟಿದ್ದಾಳೆ ಎಂದುಕೊಂಡಿದ್ದೆ. ಹಾಲಿನಲ್ಲಿ ಶೈಲಾಳ ಫೋಟೋ ಇತ್ತು, ಅದಕ್ಕೆ ಗಂಧದ ಹಾರ ಹಾಕಿದ್ದೆ. ಪ್ರತಿದಿನ ದೀಪ ಹಚ್ಚಿ ಐರಿನ್ ಅವರ ಹಿತ್ತಲಿನ ಗುಲಾಬಿಯನ್ನೋ, ಏನೂ ಸಿಗದಿದ್ದರೆ ರೋಸ್‌ಮೇರಿಯ ಒಂದು ಕುಡಿಯನ್ನೋ ಏರಿಸುತ್ತಿದ್ದೆ. ಸಿಂಧು ಆ ಗೋಡೆಯ ಕಡೆ ನೋಡದೆ ಹಾದುಹೋಗುತ್ತಿದ್ದಳು. ಸಿಡ್ನಿಗೆ ಹೋದರೆ ಗೆಳತಿಯರ ನಡುವೆ ಉಳಿದದ್ದನ್ನೂ ಮರೆಯುತ್ತಾಳೆ, ಆಮೇಲೆ ಶೈಲಾ ನನ್ನೊಬ್ಬನ ಪಾಲಿಗೆ ಮಾತ್ರ ಇದ್ದವಳಾಗುತ್ತಾಳೆ ಎಂಬ ಭಯ.

ಜೂನ್ ಮೊದಲ ವಾರ ಸಿಂಧುವಿನ ಕ್ಲಾಸನ್ನು ಗುಡ್ಡದ ಮೇಲಿನ ಒಂದು ಚೆರ್ರಿ ತೋಟಕ್ಕೆ ಕರೆದುಕೊಂಡು ಹೋಗಿದ್ದರು. ಅಂದು ಸಂಜೆ ನಾನು ಕುಂಡವನ್ನು ಎತ್ತಿಕೊಂಡು ಒಳಗೆ ಬಂದಾಗ ಅವಳು ಬಾಗಿಲಿಗೆ ಅಡ್ಡ ನಿಂತಳು. ಚೆರ್ರಿ ಮರಗಳಿಗೆ ಇಂತಿಷ್ಟು ಚಳಿ ಆಗಲೇಬೇಕಂತೆ, ಆಗದಿದ್ದರೆ ಹೂ ಅರಳುವುದಿಲ್ಲವಂತೆ, ಇದೂ ಹಾಗೇ ಇರಬೇಕು ಎಂದಳು. ಎಲ್ಲ ಇಂಗ್ಲಿಷಿನಲ್ಲಿ.

“ಅದು ಚೆರ್ರಿ, ಇದು ಬೇರೆ” ಎಂದೆ. “ಅಮ್ಮ ಯಾವಾಗ್ಲೂ ಒಳಗೇ ಇಡ್ತಿದ್ಳು.”

“ಆ್ಯಂಡ್ ಇಟ್ ನೆವರ್ ಫ್ಲವರ್ಡ್, ಅಪ್ಪಾ.”

ಅವಳು ಕುಂಡವನ್ನು ನನ್ನ ಕೈಯಿಂದ ತೆಗೆದುಕೊಂಡು, ಭಾರಕ್ಕೆ ಒಂದು ಬದಿಗೆ ವಾಲಿಕೊಂಡೇ ಹೋಗಿ, ಹಿತ್ತಲಿನ ಮೂಲೆಯಲ್ಲಿ ಗ್ಯಾರೇಜಿನ ಗೋಡೆಗೆ ಒತ್ತಿಟ್ಟಳು. ರಾತ್ರಿ ಒಳಗೆ ತರೋಣವೆಂದುಕೊಂಡೆ. ತಂದರೆ ಅವಳು ಮತ್ತೆ ನನ್ನೊಡನೆ ಏನನ್ನೂ ಹೇಳಲಿಕ್ಕಿಲ್ಲ ಎನಿಸಿತು. ತರಲಿಲ್ಲ. ಮರುದಿನ ಬೆಳಿಗ್ಗೆ ಕುಂಡದ ಮಣ್ಣಿನ ಮೇಲೆ ಹಿಮ ಪುಡಿ ಉಪ್ಪಿನ ಹಾಗೆ ಕೂತಿತ್ತು. ಶೈಲಾಳ ಗಿಡವನ್ನು ಕೊಂದೆವು ಎಂದುಕೊಂಡು ಕೆಲಸಕ್ಕೆ ಹೋದೆ.

ಜುಲೈ ಹೊತ್ತಿಗೆ ಮೊಗ್ಗುಗಳು ಉದುರದೆ ಉಳಿದಿದ್ದವು. ಅಷ್ಟೇ ಅಲ್ಲ, ಉಬ್ಬಿದ್ದವು. ನಡುವೆ ಸಣ್ಣಗೆ ಬಿರಿದು ಒಳಗೆ ಹಳದಿ ಕಾಣತೊಡಗಿತು. ಒಂದು ಬುಧವಾರ ಮೊದಲ ನಾಲ್ಕು ದಾರಗಳು ಹೊರಗೆ ಬಂದವು. ನಾನು ಆ ಸಂಜೆ ಊಟಕ್ಕೆ ಕೂತಾಗ ಸಿಂಧುವಿಗೆ ಹೇಳಿದೆ, “ಶನಿವಾರ ನಂಗೆ ರಜ. ಅಷ್ಟೊತ್ತಿಗೆ ಚೆನ್ನಾಗಿ ಅರಳಿರತ್ತೆ. ಕಿತ್ತು ಅಮ್ಮನ ಫೋಟೋಗೆ ಏರ್ಸೋಣ. ಮೊದಲ್ನೇ ಹೂವು.” ಸಿಂಧು ತಟ್ಟೆ ನೋಡುತ್ತಿದ್ದವಳು ತಲೆ ಎತ್ತಿ ನನ್ನನ್ನು ನೋಡಿದಳು.

ಇನ್ನು ಆ ಶನಿವಾರದ ವಿಷಯ.

ಕಿಟಕಿಯಿಂದ ನಾನು ಕಂಡದ್ದು ಇಷ್ಟು. ಸಿಂಧು ಮಲಗುವ ಬಟ್ಟೆಯ ಮೇಲೆ ಅವಳಮ್ಮನ ನೀಲಿ ಕೋಟು ಹಾಕಿಕೊಂಡಿದ್ದಳು. ಗಿಡ ಅವಳ ಎದೆಯ ಮಟ್ಟಕ್ಕಿತ್ತು. ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಕೊಂಡಿದ್ದಳು. ಬಾಗಿ ಒಂದು ಹೂವಿಗೆ ಮೂಗು ತಾಗಿಸಿ, ಕಣ್ಣು ಮುಚ್ಚಿ, ನಿಧಾನವಾಗಿ ಉಸಿರು ಒಳಗೆ ತೆಗೆದುಕೊಂಡಳು. ಮುಖವನ್ನು ಪಕ್ಕಕ್ಕೆ ತಿರುಗಿಸಿ ಉಸಿರು ಬಿಟ್ಟಳು, ಹಬೆ ಕಾಣಿಸಿತು. ನಂತರ ಅದರ ಪಕ್ಕದ ಹೂವು. ಆಮೇಲೆ ಅದರ ಪಕ್ಕದ್ದು. ಒಂದು ಕೊಂಬೆ ಮುಗಿದ ಮೇಲೆ ಇನ್ನೊಂದು. ಕೆಳಗಿನ ಕೊಂಬೆಗೆ ಒದ್ದೆ ಹುಲ್ಲಿನ ಮೇಲೆ ಮಂಡಿಯೂರಿದಳು. ಆತುರವಿರಲಿಲ್ಲ, ಆಟವೂ ಆಗಿರಲಿಲ್ಲ. ಹುಳ ಹುಡುಕುತ್ತಿದ್ದಾಳೇನೋ ಎಂದು ನಾನು ಮೊದಲು ಅಂದುಕೊಂಡೆ. ಗೋಡೆಯ ಕಡೆಗಿದ್ದ ಕೊಂಬೆಗೆ ಅವಳ ಮುಖ ಹೋಗಲಿಲ್ಲ. ಎರಡು ಸಲ ಪ್ರಯತ್ನಿಸಿ ಬಿಟ್ಟಳು.

ನಾನು ತಟ್ಟೆ, ಕತ್ತರಿ ಹಿಡಿದು ಹೊರಗೆ ಹೋದೆ. ಬಾಗಿಲ ಸದ್ದಿಗೆ ಎದ್ದು ನಿಂತಳು. ಅವಳ ಮೂಗಿನ ತುದಿ ಕೆಂಪಗಾಗಿತ್ತು. ತಟ್ಟೆಯನ್ನು ನೋಡಿದಳು.

“ಎಲ್ಲಾ ಮೂಸಿಬಿಟ್ಟಿದೀನಿ, ಅಪ್ಪಾ” ಎಂದಳು. “ಇನ್ನು ಏರ್ಸಕ್ಕಾಗಲ್ಲ.”

ಕನ್ನಡದಲ್ಲಿ ಹೇಳಿದಳು. ಒಂದು ವರ್ಷಕ್ಕೂ ಮೇಲ್ಪಟ್ಟು ನಾನು ಕೇಳದೆ ಇದ್ದ ದನಿ ಅದು. ಅವಳ ಕನ್ನಡ ಶೈಲಾಳದೇ, ಮೈಸೂರಿನದು.

ಮೂಸಿದ ಹೂವನ್ನು ದೇವರಿಗೆ ಏರಿಸಬಾರದು ಎಂಬುದು ನಮ್ಮ ಕಡೆ ಎಲ್ಲ ಮಕ್ಕಳಿಗೂ ಹೇಳಿಕೊಡುವ ಮಾತು. ಶೈಲಾ ಈ ವಿಷಯದಲ್ಲಿ ಬಹಳ ಕಟ್ಟುನಿಟ್ಟು. ಪೂಜೆಗೆ ಹೂ ಬಿಡಿಸುವಾಗ ಮಗುವಿನ ಎರಡು ಕೈಗಳನ್ನೂ ಬೆನ್ನ ಹಿಂದೆ ಕಟ್ಟಿಸಿ ನಿಲ್ಲಿಸುತ್ತಿದ್ದಳು. ಇಷ್ಟನ್ನೂ ಸಿಂಧು ಮರೆತಿದ್ದಾಳೆ ಎಂದುಕೊಂಡವನು ನಾನು. ಅವಳು ಅಮ್ಮನ ಆ ಮಾತನ್ನೇ ಹಿಡಿದು ನನ್ನ ಕತ್ತರಿಯಿಂದ ಆ ಹೂಗಳನ್ನು ಉಳಿಸಿಕೊಳ್ಳಲು ಬೆಳಕು ಹರಿಯುವ ಮೊದಲೇ ಎದ್ದು ಬಂದಿದ್ದಳು.

“ಎಲ್ಲಾನೂ?” ಎಂದೆ.

“ಎಲ್ಲಾನೂ.”

ಗೋಡೆಯ ಕಡೆಯ ಕೊಂಬೆಯಲ್ಲಿ ಐದಾರು ಹೂಗಳಿದ್ದವು. ನಾನು ತಟ್ಟೆಯನ್ನು ಮೆಟ್ಟಿಲ ಮೇಲೆ ಇಟ್ಟೆ, ಕತ್ತರಿಯನ್ನು ಅದರೊಳಗಿಟ್ಟೆ.

“ಫೋಟೋ ಮುಂದೆ ಇಟ್ರೆ ಸಾಯಂಕಾಲಕ್ಕೇ ಬಾಡೋಗತ್ತೆ” ಎಂದಳು ಸಿಂಧು. “ಇಲ್ಲಿದ್ರೆ ಒಂದು ತಿಂಗ್ಳು ಇರತ್ತೆ. ಅಮ್ಮ ಎಷ್ಟು ಕಾದಿದ್ಳು.” ಆಮೇಲೆ ನನಗೆ ಜಾಗ ಬಿಟ್ಟು ಪಕ್ಕಕ್ಕೆ ಸರಿದು, “ನೀನೂ ಮೂಸು” ಎಂದಳು.

ಬಾಗಿದೆ. ಬಿಸಿಲು ಇನ್ನೂ ಗಿಡದ ಮೇಲೆ ಬಿದ್ದಿರಲಿಲ್ಲ, ದಾರಗಳು ಅರ್ಧ ಸುರುಳಿಯಾಗಿದ್ದವು. ಮೊದಲು ಬರೀ ತಣ್ಣನೆಯ ಗಾಳಿ. ಆಮೇಲೆ ವಾಸನೆ ಸಿಕ್ಕಿತು. ಹುಲ್ಲಿನ ಮೇಲೆ ಕುಳಿತುಬಿಟ್ಟೆ. ಸಿಂಧು ನನ್ನ ತಲೆಯ ಮೇಲೆ ಕೈಯಿಟ್ಟಳು. ಅದು ದೊಡ್ಡವರು ಇಡುವ ಹಾಗಿತ್ತು. ಬೇಲಿಯ ಆಚೆಯಿಂದ ಐರಿನ್ ಅವರ ದನಿ ಕೇಳಿತು, “ಎಂತ ಆಯ್ತು? ಬಿದ್ರಾ ಅವರು?”

“ನೋ, ಆಂಟಿ” ಎಂದಳು ಸಿಂಧು. “ಹೂ ಬಿಟ್ಟಿದೆ.”

ಮರುದಿನ ಪೂರ್ಣಿಮಾಳ ಫೋನು ಬಂದಾಗ ನಾನೇ ಮೊದಲು ಹೇಳಿದೆ, “ಸಿಂಧೂನ ಕಳಿಸ್ತೀನಿ. ಸೆಪ್ಟೆಂಬರ್ ರಜಕ್ಕೆ ಬರ್ತಾಳೆ, ಅಲ್ಲೇ ಇರ್ತಾಳೆ.” “ಜಗಳ ಏನಾದ್ರೂ ಆಯ್ತಾ ಭಾವಾ?” ಎಂದು ಕೇಳಿದಳು. ಇಲ್ಲ ಎಂದೆ. ನನಗಿದ್ದ ಭಯ ಹೋಗಿತ್ತು. ಒಬ್ಬನೇ ಆಗುತ್ತೇನೆ ಎಂಬುದು ಹೋಗಿರಲಿಲ್ಲ, ಆದರೆ ಅದು ನನ್ನದು, ಅದಕ್ಕಾಗಿ ಅವಳನ್ನು ಇಟ್ಟುಕೊಳ್ಳುವಂತಿರಲಿಲ್ಲ.

ಫೋನು ಇಟ್ಟಾಗ ಸಿಂಧು ಬಾಗಿಲಲ್ಲಿ ನಿಂತಿದ್ದಳು. “ನಿಂಗೆ ಕಷ್ಟ ಆಗಲ್ವಾ?”

“ಆಗತ್ತೆ” ಎಂದೆ. “ಹೋಗು.”

“ಗಿಡ?”

“ಗಿಡ ಇಲ್ಲೇ ಇರ್ಲಿ. ಅಲ್ಲಿ ಚಳಿ ಸಾಲಲ್ಲ ಅದಕ್ಕೆ.”

ಅವಳು ಯೋಚಿಸಿ, ಹಾಗಾದರೆ ಕುಂಡದಲ್ಲಿ ಬೇಡ, ನೆಲಕ್ಕೆ ಹಾಕೋಣ ಎಂದಳು. ಮನೆಯ ಓನರಿಗೆ ಫೋನು ಮಾಡಿ ಕೇಳಿದೆ. ಏನು ಬೇಕಾದರೂ ನೆಡಿ ಎಂದ. ಆಗಸ್ಟ್ ಕೊನೆಗೆ ಹೂವೆಲ್ಲ ಮುಗಿದ ಮೇಲೆ ವಾಲ್ಟರ್ ತಮ್ಮ ಗುದ್ದಲಿ ತಂದರು. ಮಣ್ಣು ಅಂಟು ಮಣ್ಣು, ಬರಕ್ಕೆ ಇಟ್ಟಿಗೆಯಂತಾಗಿತ್ತು. ಇಬ್ಬರೂ ಸರದಿಯ ಮೇಲೆ ಅಗೆದೆವು. “ಬಾಡಿಗೆ ಮನೆಯಲ್ಲಿ ನೆಟ್ರೆ ಗಿಡ ಓನರಿಗೆ ಹೋಯ್ತಲ್ಲ ಮಾರಾಯ್ರೆ” ಎಂದರು ಐರಿನ್. ಹೋಗಲಿ ಎಂದಳು ಸಿಂಧು. ಎರಡು ಬಕೆಟ್ ಸ್ನಾನದ ನೀರು ಹುಯ್ದು ಮಣ್ಣು ತುಳಿದಳು.

ಸೆಪ್ಟೆಂಬರಿನಲ್ಲಿ ಅವಳನ್ನು ಏರ್‌ಪೋರ್ಟಿನಲ್ಲಿ ಬಿಟ್ಟು ಬಂದೆ. ಆ ಸಂಜೆ ಮನೆಯಲ್ಲಿ ಶವರ್ ಕೆಳಗಿನ ಬಕೆಟ್ ಅರ್ಧ ಮಾತ್ರ ತುಂಬಿತು. ಒಬ್ಬರ ಸ್ನಾನದ ನೀರು ಎಷ್ಟು ಕಡಿಮೆ ಎಂದು ಅಂದು ಗೊತ್ತಾಯಿತು. ಫೋನಿನಲ್ಲಿ ಅವಳು ಕನ್ನಡ ಮಾತಾಡುತ್ತಿದ್ದಳು. ಪೂರ್ಣಿಮಾಳ ಮನೆಯಲ್ಲಿ ಬೇರೆಯವರಿಗೆ ತಿಳಿಯಬಾರದ್ದನ್ನು ಕನ್ನಡದಲ್ಲಿ ಹೇಳಲಾಗುವುದಿಲ್ಲ, ಅಲ್ಲಿ ಎಲ್ಲರಿಗೂ ಬರುತ್ತದೆ ಎಂದು ಒಮ್ಮೆ ದೂರಿದಳು. ಮುಂದಿನ ಎರಡು ಚಳಿಗಾಲ ನಾನು ಅದೇ ಮನೆಯಲ್ಲಿದ್ದೆ. ಗಿಡ ಎರಡೂ ಸಲ ಹೂ ಬಿಟ್ಟಿತು. ಅದರ ಹತ್ತಿರ ಒಂದು ಕುರ್ಚಿ ಹಾಕಿಕೊಂಡು ಕಾಫಿ ಕುಡಿಯುತ್ತಿದ್ದೆ. ಒಂದು ಹೂವನ್ನೂ ಕೀಳಲಿಲ್ಲ. ಆಮೇಲೆ ಓನರ್ ಮನೆ ಮಾರಿದ, ನಾನು ಮೆಲ್ಬರ್ನಿನ ಇನ್ನೊಂದು ತುದಿಯ ವೆರಿಬೀಗೆ ಬಂದೆ. ಆ ಬೀದಿಗೆ ಮತ್ತೆ ಹೋಗಿಲ್ಲ. ಗಿಡ ಇದೆಯೋ ಇಲ್ಲವೋ ನನಗೆ ತಿಳಿಯದು, ತಿಳಿದ ಹಾಗೆ ಬರೆಯುವುದಿಲ್ಲ.

ಆ ಬೆಳಿಗ್ಗೆ ಸಿಂಧು ಹೂ ಮೂಸುವುದನ್ನು ಕಂಡವನು ನಾನೊಬ್ಬನೇ ಅಲ್ಲ. ವಾಲ್ಟರ್ ತಮ್ಮ ಹಿಂಬಾಗಿಲಿನಲ್ಲಿ ಸಿಗರೇಟು ಹಿಡಿದು ನಿಂತು ಮೊದಲಿನಿಂದ ಕೊನೆಯವರೆಗೆ ನೋಡಿದ್ದರು. ಅವರು ಈಗಿಲ್ಲ. ಸಿಂಧು ವೆಸ್ಟ್‌ಮೀಡ್‌ನಲ್ಲಿದ್ದಾಳೆ, ಚೆನ್ನಾಗಿದ್ದಾಳೆ. ಆದರೆ ಅವಳು ಕಣ್ಣು ಮುಚ್ಚಿಕೊಂಡಿದ್ದಳು, ಆದ್ದರಿಂದ ಅವಳು ಕಂಡಳು ಎನ್ನುವಂತಿಲ್ಲ. ಬಟ್ಟೆ ಒಣಹಾಕಲು ಬಂದ ಐರಿನ್, ಒದ್ದೆ ಬಟ್ಟೆಯ ಬುಟ್ಟಿಯನ್ನು ಸೊಂಟಕ್ಕೆ ಒತ್ತಿಕೊಂಡು, ಅದನ್ನು ಕೆಳಗಿಡುವುದನ್ನೇ ಮರೆತು ಬೇಲಿಯ ಬಳಿ ನಿಂತಿದ್ದರು. ಅವರು ಈಗ ಡ್ಯಾಂಡಿನಾಂಗ್ ಸ್ಟೇಷನ್ನಿನ ಹತ್ತಿರ ಒಂದು ಚಿಕ್ಕ ಯೂನಿಟ್ಟಿನಲ್ಲಿ ಒಬ್ಬರೇ ಇದ್ದಾರೆ. ಅದು ನಡೆದದ್ದು ಶನಿವಾರವಲ್ಲ, ಶುಕ್ರವಾರ ಎನ್ನುತ್ತಾರೆ. ಉಳಿದದ್ದನ್ನೆಲ್ಲ ನಾನು ಬರೆದ ಹಾಗೆಯೇ ಹೇಳುತ್ತಾರೆ.